ಲೋಗೋ ಆಮೇಲೆ, ಮೊದಲು ಮಾವನವರ ಕೋಟು ನೋಡಿ

ನಿಮ್ಮ ಪ್ರಶ್ನೆ ಇದು: ಮಾವನವರು ಬೆಂಗಳೂರಿನಲ್ಲಿ ಬಹಳ ವರ್ಷದಿಂದ ಸೂಟು, ಬಂದ್‌ಗಲಾ ಹೊಲಿಯುತ್ತಿದ್ದಾರೆ. ಅಂಗಡಿಗೆ ಈಗ ದುಬಾರಿ ಬ್ರ್ಯಾಂಡಿನ ಗತ್ತು ಬರಬೇಕು. ಕಪ್ಪು-ಚಿನ್ನದ ಬಣ್ಣದಲ್ಲಿ ಒಂದು ಲೋಗೋ ಮಾಡಿಸಿದರೆ ಸಾಕಾ?

ನಾನು ಇದೇ ಡಿಸೈನ್ ಕೆಲಸದವನು. ಆದರೂ ಹೇಳುತ್ತೇನೆ, ಲೋಗೋ ಕೊನೆಗೆ ಮಾಡಿಸಿ.

ಇಂಥ ಕೋಟಿನ ಹೊರಗೆ ಎಲ್ಲೂ ಹೆಸರು ಇರುವುದಿಲ್ಲ, ಅಲ್ವಾ? ಹಾಗಾಗಿ ಗುರುತು ಕಟಿಂಗ್‌ನಲ್ಲೇ ಇರಬೇಕು. ಲಂಡನ್ನಿನ ದರ್ಜಿಗಳ ಬೀದಿ ಸ್ಯಾವಿಲ್ ರೋ ಹೆಸರು ಮಾಡಿದ್ದು ಹಾಗೇ. ಅಲ್ಲಿನ ಹಂಟ್ಸ್‌ಮನ್ ಅಂಗಡಿ ಅಂದರೆ ಒಂದೇ ಗುಂಡಿಯ, ಸೊಂಟ ಹಿಡಿದ, ಭುಜ ನೆಟ್ಟಗಿರುವ ಕೋಟು. ಆಂಡರ್ಸನ್ ಅಂಡ್ ಶೆಪ್ಪರ್ಡ್‌ನವರದು ಮೆತ್ತನೆ ಭುಜ, ಎದೆಯ ಹತ್ತಿರ ಬಟ್ಟೆ ಸ್ವಲ್ಪ ಸಡಿಲ. ಗೊತ್ತಿದ್ದವರಿಗೆ ಲೇಬಲ್ ನೋಡುವ ಅಗತ್ಯವೇ ಬೀಳುವುದಿಲ್ಲ.

ನಿಮ್ಮ ಮಾವನವರ ಕೈಗೂ ಒಂದು ರೂಢಿ ಇದ್ದೇ ಇರುತ್ತದೆ. ಹಳೇ ಗಿರಾಕಿಗಳಿಂದ ನಾಲ್ಕಾರು ಕೋಟು ಕೇಳಿ ತಂದು ಒಟ್ಟಿಗೆ ತೂಗುಹಾಕಿ. ಭುಜ, ಬಂದ್‌ಗಲಾದ ಕತ್ತಿನ ಎತ್ತರ, ಕೈಯಲ್ಲಿ ಹೊಲಿದ ಕಾಜಾ, ಇವುಗಳಲ್ಲಿ ಎಲ್ಲಾ ಕೋಟಿನಲ್ಲೂ ಕಾಣುವುದು ಯಾವುದು? ಅದನ್ನು ಎರಡು ಸಾಲಿನಲ್ಲಿ ಬರೆದುಕೊಂಡೇ ಡಿಸೈನರ್ ಹತ್ತಿರ ಹೋಗಿ. ಇಲ್ಲದಿದ್ದರೆ ನಾವು ಸುಮ್ನೆ ಕಿರೀಟ, ಕತ್ತರಿ, ದಾರದುಂಡೆ ಬರೆದು ಬಿಲ್ ಕೊಡುತ್ತೇವೆ.

ದುಡ್ಡು ಹಾಕಬೇಕಾದ ಜಾಗ ಒಳಜೇಬಿನ ಲೇಬಲ್. ಸ್ಯಾವಿಲ್ ರೋ ಪದ್ಧತಿಯಲ್ಲಿ ಅಲ್ಲಿ ಗಿರಾಕಿಯ ಹೆಸರು, ತಾರೀಖು ಇರುತ್ತದೆ. ಸ್ಯಾಟಿನ್ ಮೇಲೆ ಪ್ರಿಂಟ್ ಬೇಡ, ನೇಯ್ದದ್ದೇ ಮಾಡಿಸಿ. ಒಂದು ಎಚ್ಚರಿಕೆ: ತೀರಾ ತೆಳು ಗೆರೆಗಳು ನೇಯ್ಗೆಯಲ್ಲಿ ಮುರಿದುಹೋಗುತ್ತವೆ, ಕನ್ನಡದ ಒತ್ತಕ್ಷರ ಮುದ್ದೆಯಾಗುತ್ತದೆ. ಅದಕ್ಕೇ ಅಕ್ಷರವನ್ನು ಮೊದಲು ಲೇಬಲ್ ಅಳತೆಯಲ್ಲಿ ನೇಯಿಸಿ ನೋಡಿ, ಆಮೇಲೆ ಬೋರ್ಡಿಗೆ ದೊಡ್ಡದು ಮಾಡಿ. ಅಂದಹಾಗೆ, ಕರ್ನಾಟಕದ 2024ರ ಕಾಯ್ದೆ ಪ್ರಕಾರ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು. ಇಂಗ್ಲಿಷ್ ಲೋಗೋ ಮುಗಿಸಿ ಕೊನೆಗೆ ಕನ್ನಡ ತುರುಕಿದ ಬೋರ್ಡುಗಳು ಊರತುಂಬ ಇವೆ. ನೀವು ಕನ್ನಡದಿಂದಲೇ ಶುರು ಮಾಡಿ.

ಕಪ್ಪು-ಚಿನ್ನ ನನಗಂತೂ ಇಷ್ಟವಿಲ್ಲ. ಅಪಾರ್ಟ್‌ಮೆಂಟ್ ಮಾರುವವರೂ ಅದನ್ನೇ ಬಳಸುತ್ತಾರೆ. ಮಾವನವರು ಜಾಸ್ತಿ ಬಳಸುವ ಲೈನಿಂಗ್ ಬಣ್ಣ ಯಾವುದೋ ಅದನ್ನೇ ಬ್ಯಾಗಿಗೆ, ಕೋಟಿನ ಕವರಿಗೆ ತನ್ನಿ.

ಅಂಗಡಿ ಶುರುವಾದ ಇಸವಿ ಅಂತ ಸ್ಯಾವಿಲ್ ರೋದ ಹೆನ್ರಿ ಪೂಲ್‌ನವರು 1806 ಹಾಕಿಕೊಳ್ಳಬಹುದು, ನಮ್ಮೂರಿನ ಪಿ.ಎನ್. ರಾವ್ 1923 ಅನ್ನಬಹುದು. ನೀವು ನಿಜವಾದ ಇಸವಿಯನ್ನೇ ಹಾಕಿ, 1994 ಆದರೂ ಸರಿ. 'ಬೆಸ್ಪೋಕ್' ಅನ್ನುವ ಮಾತಿಗೂ ಇದೇ ನ್ಯಾಯ. ಒಬ್ಬೊಬ್ಬರಿಗೂ ಬೇರೆ ಪ್ಯಾಟರ್ನ್ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ ಟ್ರಯಲ್ ನೋಡುವುದಾದರೆ ಮಾತ್ರ ಹಾಗೆ ಕರೆಯಿರಿ. ಸ್ಯಾವಿಲ್ ರೋ ಬೆಸ್ಪೋಕ್ ಸಂಘ ಒಂದು ಸೂಟಿಗೆ ಕನಿಷ್ಠ 50 ಗಂಟೆ ಕೈಕೆಲಸ ಕೇಳುತ್ತದೆ. ಎದೆಯ ಒಳಪದರಕ್ಕೆ ಹೊಲಿದು ಕೂರಿಸುವ ಕ್ಯಾನ್ವಾಸ್ ಬದಲು ಅಗ್ಗದ ಫ್ಯೂಸಿಂಗ್ (ಅಂಟು ಇರುವ ಒಳಬಟ್ಟೆ) ಅಂಟಿಸಿದ ಕೋಟಿಗೆ ಕೆಲವು ಡ್ರೈಕ್ಲೀನ್ ಆದಮೇಲೆ ಎದೆಯ ಮೇಲೆ ಗುಳ್ಳೆ ಏಳಬಹುದು. ಆಗ ಯಾವ ಲೋಗೋನೂ ಕೈ ಹಿಡಿಯುವುದಿಲ್ಲ.

ಇನ್‌ಸ್ಟಾಗ್ರಾಂಗೆ ಮಾಡೆಲ್ ಬೇಡ, ಬಿಳಿ ದಾರ ಇನ್ನೂ ಕಾಣುವ ಟ್ರಯಲ್ ಕೋಟಿನ ಫೋಟೋ ಹಾಕಿ. ಬೆಲೆ ಎಷ್ಟರಿಂದ ಶುರು ಅಂತಲೂ ಬರೆಯಿರಿ. 'ರೇಟ್‌ಗೆ ಮೆಸೇಜ್ ಮಾಡಿ' ಅಂದರೆ ಜನ ಚೌಕಾಸಿಗೆ ತಯಾರಾಗಿಯೇ ಬರುತ್ತಾರೆ.