ಓದು ತಾನಾಗಿ ಬರುತ್ತದೆಯೇ, ಅಕ್ಕೋರೇ?

ಕುಮಟೆಯ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ ಬಂದಿದೆ. ಅದರ ಸಾರ ಇಷ್ಟು: "ಹೋದ ಸಂಚಿಕೆಯಲ್ಲಿ ಜೀನ್ ಚಾಲ್ ಎಂಬ ಅಮೆರಿಕದ ಪ್ರೊಫೆಸರ್ ನೆನಪಿಗೆ ಎರಡು ಪುಟ ಕೊಟ್ಟಿರಿ. ಅವರು ತೀರಿಕೊಂಡು ಕಾಲು ಶತಮಾನ ಕಳೆಯಿತು. ಕೆಲಸ ಮಾಡಿದ್ದು ಇಂಗ್ಲಿಷ್ ಓದಿನ ಬಗ್ಗೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಅವರಿಂದ ಏನಾಗಬೇಕು? ಅಕ್ಷರ, ಕಾಗುಣಿತ ಅಂತ ಮಕ್ಕಳ ತಲೆ ತಿನ್ನುವ ಹಳೇ ಪದ್ಧತಿಗೆ ನೀವು ಹಾರ್ವರ್ಡ್ ಮುದ್ರೆ ಒತ್ತಿಸಿದ್ದೀರಿ. ಮಕ್ಕಳ ಕೈಗೆ ಒಳ್ಳೇ ಕಥೆ ಪುಸ್ತಕ ಕೊಡಿ, ಓದು ತಾನಾಗಿ ಬರುತ್ತದೆ. ನೆನೆಯಲೇಬೇಕಿದ್ದರೆ ನಮ್ಮವರು ಯಾರೂ ಸಿಗಲಿಲ್ಲವೇ?"

ಅಕ್ಕೋರೇ, ಪತ್ರ ಓದಿ ಖುಷಿಯಾಯಿತು. ನಾಲ್ಕು ಪುಟ ಕೈಬರಹ, ಒಂದು ಕಡೆಯೂ ಕಾಟು ಹೊಡೆದಿಲ್ಲ. ಇಷ್ಟು ಚಂದ ಬರೆಯುವವರು ಕಾಗುಣಿತವನ್ನು ಬೈದರೆ ನಂಬುವುದು ಸ್ವಲ್ಪ ಕಷ್ಟ.

ನಿಮ್ಮ ಮಾತಿನಲ್ಲಿ ಸರಿಯಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಇಂಗ್ಲಿಷ್ ಬೇರೆ, ಕನ್ನಡ ಬೇರೆ. ಅಲ್ಲಿಯ ಜಗಳವನ್ನು ಹಾಗೇ ಇಲ್ಲಿಗೆ ತರಲಾಗದು. ಕಥೆ ಪುಸ್ತಕ ಬೇಕು ಎಂಬುದೂ ನಿಜ. ಅಲ್ಲಿಗೆ ನನ್ನ ಒಪ್ಪಿಗೆ ಮುಗಿಯಿತು.

ಚಾಲ್ ಹುಟ್ಟಿದ್ದು 1921ರಲ್ಲಿ, ಪೋಲೆಂಡಿನ ಒಂದು ಯಹೂದಿ ಮನೆಯಲ್ಲಿ. ಏಳು ವರ್ಷದವರಿದ್ದಾಗ ಮನೆಯವರು ನ್ಯೂಯಾರ್ಕಿಗೆ ಬಂದರು. ಅಂದರೆ ಇಂಗ್ಲಿಷ್ ಅವರಿಗೆ ತೊಟ್ಟಿಲಲ್ಲಿ ಸಿಕ್ಕ ಭಾಷೆಯಲ್ಲ, ಶಾಲೆಯಲ್ಲಿ ಕಲಿತದ್ದು. ಮನೆಯಲ್ಲಿ ಕೊಂಕಣಿ ಆಡಿ ಶಾಲೆಯಲ್ಲಿ ಕನ್ನಡ ಓದುವ ಕಾರವಾರದ ಮಗುವಿಗೂ ಅವರಿಗೂ ಏನು ಸಂಬಂಧ ಅಂತ ನೀವು ಕೇಳಿದ್ದಕ್ಕೆ ಇದೇ ಮೊದಲ ಉತ್ತರ.

ಅವರ ಕಾಲದ ಅಮೆರಿಕದಲ್ಲಿ ಇಡೀ ಶಬ್ದವನ್ನು ಚಿತ್ರದಂತೆ ನೋಡಿ ಗುರುತು ಹಿಡಿಯುವುದೇ ಓದು ಎಂಬ ಪದ್ಧತಿ ನಡೆಯುತ್ತಿತ್ತು. ಅಕ್ಷರಕ್ಕೂ ಸದ್ದಿಗೂ ಇರುವ ನಂಟನ್ನು ಮೊದಲೇ ಕಲಿಸಿ ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರು ಕೂಗಾಡುತ್ತಿದ್ದರು. ಚಾಲ್ ಕೂಗಲು ಹೋಗಲಿಲ್ಲ. 1912ರಿಂದ 1965ರವರೆಗೆ ಈ ವಿಷಯದಲ್ಲಿ ಆದ ಸಂಶೋಧನೆಗಳನ್ನು ಕೂತು ಓದಿದರು. ಪಠ್ಯಪುಸ್ತಕಗಳನ್ನು ಹೋಲಿಸಿದರು. 300ಕ್ಕೂ ಜಾಸ್ತಿ ತರಗತಿಗಳಿಗೆ ಹೋಗಿ ನೋಡಿದರು. ಪ್ರೊಫೆಸರ್ ಆದವರು ಒಂದನೇ ತರಗತಿಯ ಬೆಂಚಿನಲ್ಲಿ ಕೂರುವುದು! ನಮ್ಮಲ್ಲಿ ಶಿಕ್ಷಣದ ಬಗ್ಗೆ ಭಾಷಣ ಮಾಡುವ ಎಷ್ಟು ಮಂದಿ ಕಳೆದ ಹತ್ತು ವರ್ಷದಲ್ಲಿ ಒಂದನೇ ತರಗತಿಯ ಹೊಸ್ತಿಲು ದಾಟಿದ್ದಾರೆ, ಹೇಳಿ.

1967ರಲ್ಲಿ ಅವರ ಪುಸ್ತಕ ಬಂತು. ಅಕ್ಷರದ ಗುಟ್ಟನ್ನು, ಅಂದರೆ ಯಾವ ಅಕ್ಷರಕ್ಕೆ ಯಾವ ಸದ್ದು ಎಂಬುದನ್ನು, ಮೊದಲೇ, ನೇರವಾಗಿ ಕಲಿಸಿದ ಮಕ್ಕಳು ಚೆನ್ನಾಗಿ ಓದುತ್ತಾರೆ, ಬಡವರ ಮನೆ ಮಕ್ಕಳಿಗಂತೂ ಇದು ಬೇಕೇ ಬೇಕು ಎಂಬುದು ತೀರ್ಮಾನ. ಅಷ್ಟಕ್ಕೇ ಓದು ಮುಗಿಯಿತು ಅಂತ ಅವರು ಹೇಳಲಿಲ್ಲ. ಕಥೆ, ಗ್ರಂಥಾಲಯ ಎಲ್ಲವೂ ಜೊತೆಗಿರಲಿ ಎಂದರು. ಅದನ್ನು ಜನ ಮರೆತರು, ಬೈಗುಳ ಮಾತ್ರ ಉಳಿಯಿತು. ಓದು ಮಾತಿನಂತೆ ಸಹಜವಾಗಿ ಬರುತ್ತದೆ ಎಂಬ ಹೊಸ ಗಾಳಿ ಮುಂದೆ ಬೀಸಿದಾಗ ಅವರು ಹಳೇ ಕಾಲದವರು ಅನ್ನಿಸಿಕೊಂಡರು. ನಿಮ್ಮ ಪತ್ರದಲ್ಲೂ ಅದೇ ಗಾಳಿ ಇದೆ ಅಕ್ಕೋರೇ, ಬೇಸರ ಮಾಡಿಕೊಳ್ಳಬೇಡಿ.

ಮಾತು ತಾನಾಗಿ ಬರುತ್ತದೆ, ಹಾಡೂ ಬರುತ್ತದೆ. ಅಂಕೋಲೆಯ ಸುಕ್ರಿ ಬೊಮ್ಮಗೌಡರು ಶಾಲೆಗೆ ಹೋದವರಲ್ಲ. ತಮ್ಮ ಹಾಲಕ್ಕಿ ಸಮುದಾಯದ ಹಾಡುಗಳೆಲ್ಲ ಬಾಯಿಪಾಠ, 2017ರಲ್ಲಿ ಪದ್ಮಶ್ರೀ ಬಂತು. ಓದು ಬಾರದವರು ದಡ್ಡರು ಅನ್ನುವವರಿಗೆ ನಾನು ಅವರನ್ನೇ ತೋರಿಸುವುದು. ಆದರೆ ಅವರು ಕಿವಿಯಿಂದ ಕಲಿತರು. ಅಕ್ಷರ ಕಿವಿಯಿಂದ ಬರುವುದಿಲ್ಲ. ಯಾರಾದರೂ ಪಕ್ಕದಲ್ಲಿ ಕೂತು ತೋರಿಸಬೇಕು.

ಕಾರವಾರ ತಾಲ್ಲೂಕಿನ ಕಡಲ ಬದಿಯ ಶಾಲೆಯೊಂದಕ್ಕೆ ಹೋಗಿದ್ದೆ. ಎರಡನೇ ತರಗತಿಯ ಹುಡುಗನೊಬ್ಬ ಪಾಠವನ್ನು ಪಟಪಟ ಓದಿದ. ನಡುವಿನ ಒಂದು ಶಬ್ದದ ಮೇಲೆ ಬೆರಳಿಟ್ಟು ಇದೇನು ಎಂದೆ. ಅವನು ಮೊದಲ ಸಾಲಿನಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ, ಒಂದೊಂದು ಶಬ್ದಕ್ಕೂ ಬೆರಳು ಸರಿಸುತ್ತ ಬಂದು, ನನ್ನ ಬೆರಳು ಸಿಕ್ಕಿದ ಕೂಡಲೇ ಉತ್ತರ ಕೊಟ್ಟ. ಸರಿಯಾದ ಉತ್ತರ! ಅಂಥ ಜಾಣ. ಆದರೆ ಅವನಿಗೆ ಓದಲು ಬರುತ್ತಿರಲಿಲ್ಲ. ಅವನ ಮುಂದೆ ನೂರು ಕಥೆ ಪುಸ್ತಕ ಹರವಿದರೆ ಏನಾಗುತ್ತದೆ? ಚಿತ್ರ ನೋಡಿ ಪಕ್ಕಕ್ಕೆ ಇಡುತ್ತಾನೆ.

ಕನ್ನಡ ಬರೆದ ಹಾಗೇ ಓದುವ ಭಾಷೆ, ಅದಕ್ಕೇನು ಕಷ್ಟ ಎಂದು ದೊಡ್ಡವರು ಸುಮ್ನೆ ಹೇಳಿಬಿಡುತ್ತಾರೆ. ಇಂಗ್ಲಿಷಿನಲ್ಲಿ ಇರುವುದು 26 ಅಕ್ಷರ, ಗೋಜಲೆಲ್ಲ ಉಚ್ಚಾರದಲ್ಲಿ. ನಮ್ಮಲ್ಲಿ ಉಚ್ಚಾರ ಸಲೀಸು, ಗುರುತುಗಳು ರಾಶಿ. ವ್ಯಂಜನಕ್ಕೆ ಕಾಗುಣಿತ, ಅದರ ಮೇಲೆ ಒತ್ತು, ಅರ್ಕಾವತ್ತು ಬಂದರೆ ಮೊದಲು ಹೇಳುವ ಸದ್ದನ್ನು ಆಮೇಲೆ ಬರೆಯಬೇಕು. 'ಪು' ಮತ್ತು 'ವು' ನಡುವಿನ ವ್ಯತ್ಯಾಸ ಒಂದು ಗೀಟು. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅಕ್ಷರ ಕಲಿಕೆ ಒಂದು, ಎರಡನೇ ತರಗತಿಗೆ ಮುಗಿಯುವುದಿಲ್ಲ, ಅಲ್ಲಿಂದಲೂ ಮುಂದೆ ನಡೆಯುತ್ತಲೇ ಇರುತ್ತದೆ ಎಂದು ತೋರಿಸಿದರು. ನಾವೋ, ಯುಗಾದಿಯೊಳಗೆ ಮಗುವಿಗೆ ಎಲ್ಲ ಬರಬೇಕು ಅನ್ನುತ್ತೇವೆ.

ಹಾಗಂತ ಅಂಕಲಿಪಿ ಕೈಗೆ ಕೊಟ್ಟು ಅ ಇಂದ ಳ ತನಕ ಕಿರುಚಿಸಿ ಎಂದು ನಾನು ಹೇಳುತ್ತಿಲ್ಲ. ಕಾರ್ಡು ಹಿಡಿದು, ತಟ್ಟೆ ಎಂಬ ಗುಂಪುಗಳಲ್ಲಿ ಕೂತು ಮಕ್ಕಳು ಆಡುತ್ತ ಕಲಿಯುವ ನಲಿಕಲಿ ಪದ್ಧತಿಯ ಕಾಲದಲ್ಲೂ ನೀವು ಪಾಠ ಮಾಡಿದವರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಅದು ಶುರುವಾದಾಗ ಶಿಕ್ಷಕರೇ ಸೇರಿ ಕಟ್ಟಿದ್ದರು. ರ, ಗ, ಸ, ದ, ಅ ಅಂತ ಮೊದಲು ಐದೇ ಅಕ್ಷರ. ಅಷ್ಟರಲ್ಲೇ ಸರ, ಅಗಸ, ಅರಸ ಓದಬಹುದು. ಗುಟ್ಟೂ ಸಿಕ್ಕಿತು, ಅರ್ಥವೂ ಸಿಕ್ಕಿತು. ಚಾಲ್ ನೋಡಿದ್ದರೆ ಮೆಚ್ಚುತ್ತಿದ್ದರು ಎಂದು ನನ್ನ ಊಹೆ. ಕಾರ್ಡು ಹರಿದು, ತಟ್ಟೆ ಕಳೆದು, ಒಬ್ಬರೇ ಶಿಕ್ಷಕಿ ಮೂರು ತರಗತಿ ನೋಡಿಕೊಳ್ಳುವಾಗ ಏನು ಉಳಿಯಿತು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಚಾಲ್ ಹೇಳಿದ ಇನ್ನೊಂದು ಸಂಗತಿ ನನ್ನನ್ನು ಜಾಸ್ತಿ ಕಾಡುತ್ತದೆ. ಮೂರನೇ ತರಗತಿವರೆಗೆ ಮಗು ಓದಲು ಕಲಿಯುತ್ತದೆ, ನಾಲ್ಕರಿಂದ ಓದಿ ಕಲಿಯಬೇಕಾಗುತ್ತದೆ. ಬಡವರ ಮಕ್ಕಳು ಎಡವುವುದು ಆ ತಿರುವಿನಲ್ಲೇ ಎಂದು ಅವರು ಕಂಡುಕೊಂಡರು. ಪಾಠದ ಶಬ್ದಗಳು ಮನೆಯ ಶಬ್ದಗಳಿಂದ ದೂರವಾಗುವುದು ಅಲ್ಲಿಂದ. ನಮ್ಮಲ್ಲಿ ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2022ರ ವರದಿ ಪ್ರಕಾರ ದೇಶದ ಹಳ್ಳಿಗಳಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ನೂರಕ್ಕೆ 43 ಮಂದಿ. ಉಳಿದವರಿಗೆ ಸಮಾಜ, ವಿಜ್ಞಾನ ಎಲ್ಲ ಬರೀ ಕಪ್ಪು ಗೆರೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಮಕ್ಕಳಿಗೆ ಪಾಠದ ಕನ್ನಡವೇ ಎರಡನೇ ಭಾಷೆ. ಅವರು ಶಾಲೆ ಬಿಟ್ಟರೆ 'ಆಸಕ್ತಿ ಇಲ್ಲ' ಎಂದು ಷರಾ ಬರೆಯುತ್ತಾರೆ.

ತಪ್ಪು ಓದುವವರದೇ ಯಾಕಿರಬೇಕು? ಬರೆದದ್ದು ಎಷ್ಟು ಕಷ್ಟ ಎಂದು ಅಳೆಯಲು ಎಡ್ಗರ್ ಡೇಲ್ ಎಂಬ ಪ್ರೊಫೆಸರ್ ಜೊತೆ ಸೇರಿ ಚಾಲ್ 1948ರಲ್ಲೇ ಒಂದು ಲೆಕ್ಕ ಮಾಡಿಕೊಟ್ಟರು. ನಾಲ್ಕನೇ ತರಗತಿಯ ಮಕ್ಕಳಿಗೆ ಗೊತ್ತಿರುವ 3000 ಶಬ್ದಗಳ ಪಟ್ಟಿ. ಅದರಲ್ಲಿಲ್ಲದ ಶಬ್ದ ಎಷ್ಟಿವೆ, ವಾಕ್ಯ ಎಷ್ಟು ಉದ್ದ, ಅಷ್ಟನ್ನು ನೋಡಿದರೆ ಆಯಿತು. ಇದೇ ತಕ್ಕಡಿಗೆ ನಮ್ಮ ಜಿಲ್ಲೆಯ ಅರಣ್ಯ ಹಕ್ಕಿನ ಅರ್ಜಿದಾರರ ಕೈಗೆ ಬರುವ ಹಿಂಬರಹವನ್ನು ಹಾಕಿ ನೋಡಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಯಾರಿಗಾಗಿ ಬಂತೋ ಅವರಿಗೇ ಕಚೇರಿಯ ಆ ಉತ್ತರ ಅರ್ಥವಾಗುವುದಿಲ್ಲ. ಸದರಿ, ಮೇಲ್ಕಂಡ, ಸಕ್ಷಮ ಪ್ರಾಧಿಕಾರ! ನನಗೆ ಗೊತ್ತಿರುವ ಸಿರಸಿ ಕಡೆಯ ರೈತರೊಬ್ಬರು ಅಂಥ ಕಾಗದವನ್ನು ಮೂರು ಜನರಿಂದ ಓದಿಸಿದರು. ಮೂವರೂ ಬೇರೆ ಬೇರೆ ಅರ್ಥ ಹೇಳಿದರು. ಕೊನೆಗೆ ಆದದ್ದು ನಾಲ್ಕನೆಯದು. ಪತ್ರಿಕೆಯವರು ನಾವೂ ಕಡಿಮೆಯೇನಲ್ಲ. ಒಂದೊಂದು ವಿಮರ್ಶೆ ಲೇಖನ ಬಂದಾಗ ತಿದ್ದಲು ಕೂತರೆ ಪೆನ್ನು ಮುಗಿಯುತ್ತದೆ. ಲೇಖಕರಿಗೆ ಸಿಟ್ಟು ಬೇರೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ನಮ್ಮವರು ಸಿಗಲಿಲ್ಲವೇ? ಸಿಗುತ್ತಾರೆ. ಚುಟುಕು ಕವಿ ದಿನಕರ ದೇಸಾಯಿ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಕರಾವಳಿಯ ಬಡವರ ಮಕ್ಕಳಿಗೆ ಹೈಸ್ಕೂಲು ತಂದರು. ಸಾಹಿತಿ ಗೌರೀಶ ಕಾಯ್ಕಿಣಿ ಬಂಕಿಕೊಡ್ಲದಲ್ಲಿ ಮಾಸ್ತರರಾಗಿದ್ದರು. ಇಬ್ಬರನ್ನೂ ಇದೇ ಪುಟಗಳಲ್ಲಿ ನೆನೆದಿದ್ದೇವೆ, ಮುಂದೆಯೂ ನೆನೆಯುತ್ತೇವೆ. ಆದರೆ ಹೈಸ್ಕೂಲಿಗೆ ಬರುವ ಮಗುವಿಗೆ ಅಷ್ಟರಲ್ಲಿ ಓದಲು ಬಂದಿರಬೇಕು ಅಲ್ವಾ? ಅದನ್ನು ಕಲಿಸಿದವರು ಯಾರು? ಸಾಹಿತಿಯ ಹೆಸರಿನಲ್ಲಿ ಭವನ ಆಗುತ್ತದೆ. ಸಾಹಿತಿಗೆ ಅಕ್ಷರ ತಿದ್ದಿಸಿದ ಅಕ್ಕೋರ ಹೆಸರು ಆತ್ಮಕಥೆಯಲ್ಲಿ ಒಂದು ಸಾಲು, ಅದೂ ಪೆಟ್ಟು ತಿಂದಿದ್ದರೆ. ಶಾಲೆಯಲ್ಲಿ ಹೊಸದಾಗಿ ಬಂದವರನ್ನು, ಕೈಲಾಗದವರನ್ನು ಒಂದನೇ ತರಗತಿಗೆ ಹಾಕುವ ರೂಢಿ ಇನ್ನೂ ಇದೆ. ಚುನಾವಣೆ, ಗಣತಿ ಬಂದರೆ ಮೊದಲು ಖಾಲಿಯಾಗುವುದೂ ಅದೇ ಕೋಣೆ. ಅಂಥ ಕೋಣೆಯ ಕೆಲಸವನ್ನೇ ಜೀವಮಾನದ ಕೆಲಸ ಮಾಡಿಕೊಂಡು, ಹಾರ್ವರ್ಡಿನಲ್ಲಿ 1965ರಿಂದ 1991ರವರೆಗೆ ಕಲಿಸಿ, ಓದು ಬಾರದವರಿಗಾಗಿ ಅಲ್ಲೇ ಒಂದು ಪ್ರಯೋಗಾಲಯ ತೆರೆದವರು ಚಾಲ್. ಅದಕ್ಕೇ ಎರಡು ಪುಟ ಕೊಟ್ಟೆವು. ನಾಲ್ಕು ಕೊಡಬೇಕಿತ್ತು.

ನೀವು ಪತ್ರದ ಅಂಚಿನಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ ನಿಮಗೆ ದಾರಿ ತೋರಿಸಿದ ಹಿರಿಯ ಶಿಕ್ಷಕಿಯೊಬ್ಬರ ಬಗ್ಗೆ ಎರಡು ಸಾಲು ಬರೆದಿದ್ದೀರಿ. ಹುಣಸೆಬೀಜ ಜೋಡಿಸಿ ಅಕ್ಷರ ಮಾಡಿಸುತ್ತಿದ್ದರು, ತರಗತಿಯಲ್ಲಿ ಓದಲು ಬಾರದೆ ಯಾರೂ ಮುಂದೆ ಹೋಗಲಿಲ್ಲ ಅಂತ. ಆ ಎರಡು ಸಾಲನ್ನು ಎರಡು ಪುಟ ಮಾಡಿ ಕಳಿಸಿ. ಸನ್ಮಾನ, ಶಾಲು, ಹಾರದ ವಿವರ ಬೇಡ. ಯಾವ ಅಕ್ಷರ ಮೊದಲು ಕಲಿಸುತ್ತಿದ್ದರು, ಒತ್ತಕ್ಷರಕ್ಕೆ ಯಾವಾಗ ಬರುತ್ತಿದ್ದರು, ಕೊಂಕಣಿ ಮಕ್ಕಳನ್ನು ಹೇಗೆ ನಿಭಾಯಿಸಿದರು, ತಿಂಗಳುಗಟ್ಟಲೆ ಬಾರದ ಮಗುವಿಗೆ ಏನು ಮಾಡಿದರು, ಅದೆಲ್ಲ ಇರಲಿ. ತಿಂಗಳ 20ರೊಳಗೆ ತಲುಪಿದರೆ ಮುಂದಿನ ಸಂಚಿಕೆಗೇ ಹಾಕುತ್ತೇವೆ. ಟೈಪ್ ಮಾಡಿಸಬೇಡಿ, ನಿಮ್ಮ ಕೈಬರಹವೇ ಸಾಕು.

— ಸಂಪಾದಕ