ಉಳಿದಿತ್ತು ಅಕ್ಕಾ

ಪ್ರಶ್ನೆ: ನಮ್ಮ ಬಡಾವಣೆಯ ಚರ್ಚಿನವರು ಅಕ್ಕಪಕ್ಕದ ಬಡವರ ಮನೆಗೆ ಅಕ್ಕಿ, ಬೇಳೆ, ಔಷಧಿ ಮುಟ್ಟಿಸುತ್ತಾರಂತೆ. ಯಾರಿಗೆ ಅಂತ ಕೇಳಿದರೆ ಹೇಳುವುದಿಲ್ಲ. ಒಂದು ಫೋಟೋ ಕೂಡ ಇಲ್ಲ. ಇಷ್ಟು ಗುಟ್ಟಾಗಿ ಮಾಡುತ್ತಾರೆ ಅಂದರೆ ಏನೋ ಇರಬೇಕು, ಅಲ್ವಾ? ನಮ್ಮ ಸಂಘದ ಕಂಬಳಿ ವಿತರಣೆಯ ಫೋಟೋ ಲಗತ್ತಿಸಿದ್ದೇನೆ, ಪ್ರಕಟಿಸಿ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಊರವರ ದುಡ್ಡು ಸೇರಿದ ಕಡೆ ಲೆಕ್ಕ ಇರಲೇಬೇಕು. ಅಕ್ಕಿ ಚೀಲದ ಹಿಂದೆ ಬೇರೆ ಷರತ್ತು ಬಂದರೆ ಕೇಳಲೇಬೇಕು. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಸ್ವಾಮಿ, ಲೆಕ್ಕ ಬೇರೆ, ತಗೊಂಡವರ ಹೆಸರು ಬೇರೆ.

ಈ ಗುಟ್ಟಿಗೆ ಹಳೆಯ ಕಥೆಯಿದೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಏಸುವೇ ಹೇಳಿದ್ದು. 1833ರಲ್ಲಿ ಪ್ಯಾರಿಸ್‌ನಲ್ಲಿ ಓಜಾನಾಂ ಅಂತ ಇಪ್ಪತ್ತರ ವಿದ್ಯಾರ್ಥಿ. ನಿಮ್ಮ ಧರ್ಮ ಈಗ ಯಾರಿಗೆ ಏನು ಮಾಡ್ತಿದೆ ಅಂತ ಯಾರೋ ಕೆಣಕಿದರು. ಅವನು ವಾದಕ್ಕೆ ಕೂರಲಿಲ್ಲ, ಗೆಳೆಯರನ್ನು ಕಟ್ಟಿಕೊಂಡು ಬಡವರ ಮನೆಗೆ ನಡೆದ. ಹಾಗೆ ಹುಟ್ಟಿದ್ದೇ ವಿನ್ಸೆಂಟ್ ದಿ ಪೌಲ್ ಸಂಘ, ಬಡವರ ಮನೆಗೇ ಹೋಗಿ ನೆರವಾಗುವ ಕ್ಯಾಥೊಲಿಕ್ಕರ ಸಂಘ. ಇವತ್ತಿಗೂ ಈ ಸಂಘದ ಸಭೆಯಲ್ಲಿ ಒಂದು ಚೀಲ ಸುತ್ತು ಬರುತ್ತದೆ. ಯಾರು ಹತ್ತು ಹಾಕಿದರು, ಯಾರು ಐನೂರು ಹಾಕಿದರು, ಪಕ್ಕದವರಿಗೂ ತಿಳಿಯುವುದಿಲ್ಲ. ಆಮೇಲೆ ಇಬ್ಬಿಬ್ಬರಾಗಿ ಮನೆಮನೆಗೆ ಹೋಗಿ ಕೂತು ಮಾತಾಡುತ್ತಾರೆ. ಕೂತರೆ ತಾನೇ ಅಜ್ಜನ ಬಿಪಿ ಮಾತ್ರೆ ಮುಗಿದಿದೆ ಅಂತ ಗೊತ್ತಾಗುವುದು? ನಮ್ಮ ಮಠಗಳ ದಾಸೋಹದಲ್ಲೂ ಅಷ್ಟೇ. ಪಂಕ್ತಿಗೆ ಕೂತವರ ಹೆಸರು ಯಾರು ಬರೆದುಕೊಳ್ಳುತ್ತಾರೆ?

ನನ್ನದೊಂದು ಹಳೇ ಗಾಯ ಇದೆ. ಅಪ್ಪ ಕೆಲಸ ಮಾಡುತ್ತಿದ್ದ ಹತ್ತಿ ಮಿಲ್ಲು ಮುಚ್ಚಿದಾಗ ನಾನು ಏಳನೇ ಕ್ಲಾಸು. ಯಾವುದೋ ಸಂಘದವರು ಸ್ಟೇಜಿಗೆ ಕರೆದು ಆರು ನೋಟ್‌ಬುಕ್ ಕೊಟ್ಟರು. ಫೋಟೋ ಸರಿಯಾಗಿ ಬರಲಿಲ್ಲವಂತೆ. ವಾಪಸ್ ಕೊಡು ಅಂದರು. ಕೊಟ್ಟೆ. ನಗುನಗುತ್ತಾ ಮತ್ತೆ ತಗೋ ಅಂದರು. ತಗೊಂಡೆ. ಆ ನೋಟ್‌ಬುಕ್ಕಲ್ಲಿ ಒಂದು ಲೆಕ್ಕವನ್ನೂ ಬರೆಯಲಿಲ್ಲ ನಾನು.

ಅದೇ ವರ್ಷ ಪಕ್ಕದ ಬೀದಿಯ ಮಂಡಕ್ಕಿ ಭಟ್ಟಿಯವರೊಬ್ಬರು ವಾರಕ್ಕೊಂದು ಸಂಜೆ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಅರ್ಧ ಚೀಲ ಮಂಡಕ್ಕಿ ಇಟ್ಟು, "ಉಳಿದಿತ್ತು ಅಕ್ಕಾ" ಅಂತ ಹೊರಟೇಬಿಡುತ್ತಿದ್ದರು. ದಾವಣಗೆರೆಯಲ್ಲಿ ಎಲ್ಲಾದರೂ ಮಂಡಕ್ಕಿ ಉಳಿಯುತ್ತದಾ, ನೀವೇ ಹೇಳಿ. ಅಮ್ಮನಿಗೂ ಗೊತ್ತಿತ್ತು. ಅವಳೂ ಸುಮ್ನೆ ತಲೆ ಆಡಿಸುತ್ತಿದ್ದಳು.

ಈಗ ಹತ್ತು ಕೆಜಿ ಅಕ್ಕಿ ಕೊಡಲು ಶಾಮಿಯಾನ, ಮೈಕು, ಫ್ಲೆಕ್ಸು. ಬಂದ ಗಣ್ಯರಿಗೆ ಶಾಲು, ಹಾರ. ಅಕ್ಕಿಗಿಂತ ಹಾರಕ್ಕೇ ಜಾಸ್ತಿ ಖರ್ಚು. ಬಿಸಿಲಲ್ಲಿ ಕಾದವರಿಗೆ ಭಾಷಣ ಬೇರೆ. ಪತ್ರಿಕೆಯವರಾದ ನಾವೂ ಈ ಫೋಟೋಗಳನ್ನು ಕೇಳಿ ಕೇಳಿ ಹಾಕಿದ್ದೇವೆ. ಬೇರೆಯವರನ್ನಷ್ಟೇ ಬೈದರೆ ಹೇಗೆ?

ನೀವು ಕಂಬಳಿ ಹಂಚಿದ್ದಕ್ಕೆ ಸಂತೋಷ. ಫೋಟೋ ಮಾತ್ರ ಹಾಕಿಲ್ಲ, ಬೇಸರ ಬೇಡ. ಹನ್ನೊಂದು ಜನ ಹಿಡಿದಿರುವ ಆ ಒಂದು ಕಂಬಳಿಯ ಹಿಂದೆ ಅಜ್ಜಿಯ ಮುಖವೇ ಕಾಣುತ್ತಿಲ್ಲ.