ಸಂಗಪ್ಪ, ಬಸಪ್ಪ ಮತ್ತು ಕೋಫಿ

ಪ್ರಶ್ನೆ: ನಮ್ಮ ಹುನಗುಂದ ಭಾಗದಲ್ಲಿ ಸಂಗಪ್ಪ, ಸಂಗವ್ವ ಎಂಬ ಹೆಸರುಗಳು ಬಹಳ. ಬೇರೆ ದೇಶಗಳಲ್ಲಿ ಹೆಸರಿಡುವ ಪದ್ಧತಿ ಹೇಗಿದೆ?
– ಓದುಗರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮದ ಸಂಗಮನಾಥನೇ ನಿಮ್ಮ ಸಂಗಪ್ಪ, ಬಸಪ್ಪನಲ್ಲಿರುವ ‘ಬಸವ’ ವೃಷಭ ಶಬ್ದದ ತದ್ಭವ. ಅಪ್ಪ, ಅವ್ವ ಎಂದು ಸೇರಿಸುವುದರಿಂದ ತೊಟ್ಟಿಲ ಕೂಸಿಗೂ ಹಿರಿಯರ ಗೌರವ ಸಲ್ಲುತ್ತದೆ, ಇದು ನನಗೆ ಅತ್ಯಂತ ಪ್ರಿಯವಾದ ಸಂಗತಿ. ಘಾನಾದ ಅಕಾನ್ ಜನರಲ್ಲಿ ಹುಟ್ಟಿದ ವಾರವೇ ಹೆಸರಾಗುತ್ತದೆ: ವಿಶ್ವಸಂಸ್ಥೆಯ ಮಹಾಪ್ರಧಾನ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಅವರು 1938ರ ಏಪ್ರಿಲ್ 8ರಂದು ಜನಿಸಿದರು, ಅಂದು ಶುಕ್ರವಾರವಾಗಿದ್ದರಿಂದ ಅವರು ‘ಕೋಫಿ’ಯಾದರು. ಬಾಲಿ ದ್ವೀಪದಲ್ಲಿ ಹುಟ್ಟಿದ ಕ್ರಮವೇ ಮುಖ್ಯ. ಚೊಚ್ಚಲ ಮಗುವಿಗೆ ಸಾಮಾನ್ಯವಾಗಿ ವಾಯನ್, ನಾಲ್ಕನೆಯದಕ್ಕೆ ಕೆತುತ್ ಎಂದಿಟ್ಟು, ಐದನೆಯದಕ್ಕೆ ಮತ್ತೆ ವಾಯನ್ ಎಂದೇ ಕರೆಯುತ್ತಾರೆ.